ವಿಜ್ಞಾನವನ್ನು ಕಲಿಸಲು ಕಲಿಯುವವರು

ಶಿಡ್ಲಘಟ್ಟದ ಸುತ್ತಣ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳನ್ನು ಹೊಕ್ಕು ನೋಡಿದವರು, ಗೋಡೆಗೆ ತೂಗುಹಾಕಿರುವ ಜೋಡಿ ಉಷ್ಣಮಾಪಕವನ್ನು ಕಂಡಿರಬಹುದು. ಎರಡರಲ್ಲಿ ಒಂದರ ಗುಂಡಿಗೆ ಒದ್ದೆಬಟ್ಟೆ ಸುತ್ತಿರುವುದು. ಒಣಗುಂಡಿನ ಅಂಕಕ್ಕೂ ಒದ್ದೆಗುಂಡಿನ ಅಂಕಕ್ಕೂ ಇರುವ ಅಂತರದಿಂದ ಗಾಳಿಯ ತೇವವನ್ನು ಅಳೆಯುವರು. ಚಾಕಿಹುಳುವಿಗೆ 26ರಿಂದ 28 ಡಿಗ್ರಿ ಸೆಂಟಿಗ್ರೇಡ್ ಶಾಖವೂ ನೂರಕ್ಕೆ 80ಕ್ಕೆ ಮೇಲ್ಪಟ್ಟ ತೇವವೂ ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ ಶಾಖ, ನೂರಕ್ಕೆ 70ರಷ್ಟು ತೇವ ಸಾಕು. ಅಂಥ ಮನೆಯ ಹತ್ತು ವರ್ಷದ ಹುಡುಗಿಯೂ ಅದನ್ನು ನೋಡಿ "ಅಪ್ಪಾ, ತೇವ ಇಳಿದಿದೆ" ಎಂದು ಕೂಗಿ ಹೇಳಬಲ್ಲಳು. ಅದೇ ಹುಡುಗಿ ಶಾಲೆಯಲ್ಲಿ ಆರ್ದ್ರತೆಯ ಲಕ್ಷಣವನ್ನು ಬಾಯಿಪಾಠವಾಗಿ ಒಪ್ಪಿಸುವಳು. ಎರಡೂ ಒಂದೇ ಸಂಗತಿಯೆಂದು ಅವಳಿಗೆ ಹೇಳಿದವರಿಲ್ಲ.

ಇದನ್ನು ನಮ್ಮ ಗಮನಕ್ಕೆ ತಂದವರು ಬಿ.ಎಡ್. ತರಬೇತಿಯಲ್ಲಿರುವ ಒಬ್ಬ ತರುಣಿ. ಆಕೆಯೂ ಹುಳು ಸಾಕುವ ಮನೆಯ ಮಗಳೇ. 2015ರಿಂದ ಈ ಶಿಕ್ಷಣವು ಎರಡು ವರ್ಷದ್ದಾಗಿದ್ದು, ಅದರಲ್ಲಿ ಹಲವು ವಾರ ಶಾಲೆಯಲ್ಲಿ ನಿಂತು ಪಾಠ ಹೇಳಬೇಕಷ್ಟೆ. ಆಗ ಒಬ್ಬ ಹುಡುಗನು ಎದ್ದು, "ಮಿಸ್, ಒದ್ದೆ ಮಾಡಿದರೆ ಏಕೆ ತಣ್ಣಗಾಗುತ್ತದೆ?" ಎಂದು ಕೇಳಿದನಂತೆ. "ಮುಂದಿನ ತರಗತಿಯಲ್ಲಿ ಬರುತ್ತದೆ, ಕೂತುಕೋ" ಎಂದುಬಿಟ್ಟರಂತೆ. ಮನೆಗೆ ಬಂದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲವೆಂದರು. ಉತ್ತರ ಗೊತ್ತಿಲ್ಲದೆ ಇರಲಿಲ್ಲ. ನೀರು ಆವಿಯಾಗುವಾಗ ಗುಂಡಿನ ಶಾಖವನ್ನೇ ಎಳೆದುಕೊಳ್ಳುವುದು, ಗಾಳಿ ಒಣಗಿದಷ್ಟೂ ಆವಿಯಾಗುವುದು ಬೇಗ, ಅಂತರವೂ ಹೆಚ್ಚು. ಆದರೆ ಕಾಲೇಜಿನಲ್ಲಿ ತಾವು ಮಾಡಿದ ಪ್ರಯೋಗಗಳಿಗೆಲ್ಲ ಉತ್ತರವು ಮೊದಲೇ ಬರೆದಿಟ್ಟಿದ್ದಿತು. ಪಟ್ಟಿಯಲ್ಲಿಲ್ಲದ ಪ್ರಶ್ನೆಯನ್ನು ಹಿಡಿದುಕೊಂಡು ಮಕ್ಕಳೊಡನೆ ಮುಂದೆ ಹೋಗುವುದನ್ನು ಕಲಿಯಬೇಕೆಂಬುದೇ ಆಕೆಯ ದೊಡ್ಡ ಆಸೆ. ಪಾಠಟಿಪ್ಪಣಿಯ ಅಂಚಿಗೆ ಕೆಂಪು ಶಾಯಿಯ ಗೆರೆ ಎಳೆಯುವುದಕ್ಕೆ ಹೋಗುವ ಹೊತ್ತಿನಲ್ಲಿ ಅರ್ಧವನ್ನಾದರೂ ಇದಕ್ಕೆ ಕೊಡಬಾರದೆ ಎಂದು ನಮಗೂ ಅನ್ನಿಸಿತು.

ಈ ಸೀಮೆಯಲ್ಲಿ ವಿಜ್ಞಾನದ ಮಾತು ಬಂದೊಡನೆ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ಹೆಸರಿಸುವುದು ವಾಡಿಕೆ, ಅದು ತಕ್ಕುದೇ. ಕಲಿಸುವವರ ಮಾತು ಬಂದಾಗಲಾದರೋ ನಾವು ನೆನೆಯುವುದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರನ್ನು. ಊರಿನಲ್ಲಿ ಹೈಸ್ಕೂಲಿಲ್ಲದೆ, ಕೈಯಲ್ಲಿ ಕಾಸಿಲ್ಲದೆ, ಆ ಬಡ ಹುಡುಗನು 1935ರಲ್ಲಿ ಬೆಂಗಳೂರಿನವರೆಗೆ ಸುಮಾರು 85 ಕಿಲೋಮೀಟರು ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಹೊಸೂರಿನಲ್ಲಿ ಪಾಠ ಹೇಳಿ ಬೆಂಗಳೂರಿಗೆ ಹೋಗಿದ್ದ ಮುಖ್ಯೋಪಾಧ್ಯಾಯರು ಆ ಹುಡುಗನನ್ನು ಮರೆಯದೆ ಕರೆಸಿಕೊಂಡರು. ನಡೆದ ಹುಡುಗನನ್ನು ಎಲ್ಲರೂ ಕೊಂಡಾಡುವರು. ಕರೆದ ಮೇಷ್ಟರನ್ನು ನೆನೆಯುವವರು ಕಡಿಮೆ. ಮುಂದೆ ನರಸಿಂಹಯ್ಯನವರು ಭೌತಶಾಸ್ತ್ರದ ಉಪಾಧ್ಯಾಯರಾದರು, ಅಮೆರಿಕದ ಓಹಿಯೋದಲ್ಲಿ ಪರಮಾಣು ಬೀಜದ ವಿಷಯದಲ್ಲಿ ಡಾಕ್ಟರೇಟು ಪಡೆದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು, ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಗೌರಿಬಿದನೂರಿನಲ್ಲಿ ನ್ಯಾಷನಲ್ ಕಾಲೇಜು ಬಂದುದಕ್ಕೂ ಅವರೇ ಕಾರಣರು. ವಿದ್ಯಾರ್ಥಿಗಳಿಗೆ ಅವರು ಪದೇ ಪದೇ ಹೇಳುತ್ತಿದ್ದುದು ಪ್ರಶ್ನೆ ಕೇಳಿರಿ ಎಂಬುದನ್ನು.

ಪ್ರಶ್ನೆ ಕೇಳಬೇಕಾದರೆ ಮಾತು ತಿಳಿಯಬೇಕಲ್ಲವೆ? ಗಡಿಯ ಸೀಮೆಯಾದುದರಿಂದ ಇಲ್ಲಿನ ಅನೇಕ ಮನೆಗಳಲ್ಲಿ ತೆಲುಗೇ ಮನೆಮಾತು. ಪುಸ್ತಕದಲ್ಲಿ 'ಬಾಷ್ಪೀಕರಣ' ಎಂದಿರುವುದು. ಕನ್ನಡದ ಮಗುವಿಗೂ ತೆಲುಗಿನ ಮಗುವಿಗೂ ಅದು ಸಮಾನವಾಗಿ ಪರದೇಶದ ಮಾತು! ಕನ್ನಡದಲ್ಲಿ 'ಆವಿ', ತೆಲುಗಿನಲ್ಲಿ 'ಆವಿರಿ' ಎಂದು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದ ದಿನ ತರಗತಿಯೆಲ್ಲ ನಕ್ಕಿತೆಂದೂ, ಅಂದು ಹಿಂದಿನ ಸಾಲಿನವರೂ ಬಾಯಿಬಿಟ್ಟರೆಂದೂ ಆ ತರುಣಿ ಸಂತೋಷದಿಂದ ಹೇಳಿದರು.

ಗಣಿತಕ್ಕೂ ದೂರ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ಬೆಲೆ ಕಟ್ಟುವ ಮೊದಲು ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೀಳುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುವನು. ಆರೋ ಎಂಟೋ ಎಂಬುದರ ಮೇಲೆ ಅವನ ಲಾಭನಷ್ಟ ನಿಂತಿದೆ. ಅನುಪಾತವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಕಲಿಸೀತು? ಚಿಂತಾಮಣಿಯ ಕಡೆ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಮು ಮೀರಿದ ನೀರನ್ನು ಎಳೆಯ ವಯಸ್ಸಿನಿಂದ ಕುಡಿದರೆ ಹಲ್ಲಿನ ಮೇಲೆ ಕಲೆ ಕಟ್ಟುವುದು. ಇದನ್ನು ರಸಾಯನಶಾಸ್ತ್ರದ ಪಾಠವಾಗಿ ಹೇಳುವ ಮೇಷ್ಟರು ಮನೆಯ ತಾಯಂದಿರನ್ನೂ ಎಚ್ಚರಿಸಿದಂತಾಯಿತು. ಗೌರಿಬಿದನೂರಿನ ಬಳಿ 1976ರಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯಲು 1000 ಲೋಹದ ಕವಲುಗಳನ್ನು ಇಂಗ್ಲಿಷಿನ 'ಟಿ' ಅಕ್ಷರದಂತೆ ನೆಟ್ಟರು. ಅದಕ್ಕೆ ತಗಲುವ ಅಲೆಯ ಉದ್ದ ಸುಮಾರು ಎಂಟೂಮುಕ್ಕಾಲು ಮೀಟರು. ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು ಅಳೆದು ತೋರಿಸಬಹುದು.

ಆ ತರುಣಿಯ ಮುಂದಿನ ಪಾಠ ಬರುವ ವಾರ ಇದೆ. ಶಾಲೆಯಲ್ಲಿ ಜೋಡಿ ಉಷ್ಣಮಾಪಕವಿಲ್ಲ. ಹುಳುಮನೆಯದನ್ನೇ ಕೊಂಡೊಯ್ಯಲು ತಂದೆಯವರು ಒಪ್ಪಿದ್ದಾರೆ. ಹೊಸ ಚಾಕಿ ಇಳಿಯುವುದರೊಳಗಾಗಿ ಗೋಡೆಗೆ ಮರಳಿ ಬರಬೇಕೆಂಬುದೊಂದೇ ಅವರ ಕರಾರು. ಪ್ರಶ್ನೆ ಕೇಳಿದ ಹುಡುಗನಿಂದಲೇ ಬಟ್ಟೆಯನ್ನು ಒದ್ದೆ ಮಾಡಿಸುವುದೆಂದು ಆಕೆ ಗೊತ್ತುಮಾಡಿಕೊಂಡಿದ್ದಾರೆ.