ದಾಖಲೆ ಹೋಗಿ ‘ಖಲ’ ಆಯ್ತು: ಸ್ಪ್ಯಾಮ್ ಜರಡಿಗೆ ಕನ್ನಡ ಕಲಿಸಿದ ಕಥೆ

ಕಳೆದ ವರ್ಷ ನಮ್ಮ ರೂಮ್‌ಮೇಟ್ ಒಬ್ಬನಿಗೆ ಒಂದು ಮೇಲ್ ಬಂತು. ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿದ್ದೀರಿ, ಇಷ್ಟನೇ ತಾರೀಖಿನೊಳಗೆ ದಾಖಲೆ ಪರಿಶೀಲನೆಗೆ ಬನ್ನಿ ಅಂತ, ಅಚ್ಚ ಕನ್ನಡದಲ್ಲಿ. ಅವನು ಅದನ್ನು ನೋಡಿದ್ದು ಕೊನೆಯ ದಿನ ಕಳೆದು ನಾಲ್ಕು ದಿನಕ್ಕೆ. ಮೇಲ್ ಸ್ಪ್ಯಾಮ್ ಫೋಲ್ಡರ್‌ನಲ್ಲಿ, ಲಾಟರಿ ಮತ್ತು ಸಾಲದ ಆಫರ್‌ಗಳ ಮಧ್ಯೆ ಕೂತಿತ್ತು. ಫೋನ್ ಮಾಡಿ ಬೇಡಿಕೊಂಡದ್ದೂ ಆಯ್ತು, ಪ್ರಯೋಜನ ಆಗಲಿಲ್ಲ. ಆ ವರ್ಷದ ಫೀಸನ್ನು ಅವರಪ್ಪ ಸಾಲ ಮಾಡಿ ಕಟ್ಟಿದ್ರು.

ಜಿಮೇಲ್‌ನಲ್ಲಿ ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದದ್ದು 30 ದಿನ ಆದ ಮೇಲೆ ತಾನಾಗೇ ಅಳಿಸಿ ಹೋಗುತ್ತೆ. ಅಂದ್ರೆ ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಅಂಥ ಮೇಲ್ ಬಂದಿತ್ತು ಅನ್ನೋದೇ ಗೊತ್ತಾಗ್ತಿರಲಿಲ್ಲ. ಹಾಗಾಗಿ ನಾವು ಮೂವರು ಸೇರಿ ನಮ್ಮದೇ ಒಂದು ಎರಡನೇ ಜರಡಿ ಮಾಡೋಣ ಅಂತ ಕೂತೆವು. ಅದರ ಕೆಲಸ ಇಷ್ಟೇ: ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಿ, ‘ಇದು ಒಳ್ಳೆ ಮೇಲ್ ಇರಬಹುದು’ ಅನ್ನಿಸಿದ್ದನ್ನು ಹೇಳೋದು.

ಫೋಲ್ಡರ್ ಓದೋದು

ಇದಕ್ಕೆ ಪೈಥಾನ್ ಜೊತೆಗೇ ಬರುವ ಇಮ್ಯಾಪ್‌ಲಿಬ್ ಸಾಕು. ಇಮ್ಯಾಪ್ ಅಂದ್ರೆ ಮೇಲ್ ಸರ್ವರ್ ಜೊತೆ ಮಾತಾಡುವ ಭಾಷೆ. ಸುರಕ್ಷಿತ ಸಂಪರ್ಕಕ್ಕೆ 993ನೇ ಪೋರ್ಟ್. ಫೋಲ್ಡರ್ ತೆರೆಯುವಾಗ ‘ರೀಡ್‌ಓನ್ಲಿ’ ಆಯ್ಕೆಯನ್ನು ಮರೀದೆ ಹಾಕಿ. ಇಲ್ಲದಿದ್ರೆ ಕೋಡ್ ಮುಟ್ಟಿದ ಮೇಲ್‌ಗಳೆಲ್ಲ ‘ಓದಿದ್ದು’ ಅಂತ ಗುರುತಾಗಿಬಿಡಬಹುದು. ಕನ್ನಡ ಮೇಲ್‌ಗಳು ಎಷ್ಟೋ ಸಲ ಬೇಸ್64 ರೂಪದಲ್ಲಿ ಬರುತ್ತವೆ, ನೋಡೋಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ. ಅದನ್ನು ‘ಇಮೇಲ್’ ಮಾಡ್ಯೂಲ್‌ನಿಂದ ಡಿಕೋಡ್ ಮಾಡಿದ ಮೇಲೇ ಕನ್ನಡ ಕಾಣೋದು.

ಆಮೇಲೆ ಕಲಿಸೋಕೆ ಉದಾಹರಣೆ ಬೇಕು. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಇದ್ದದ್ದೆಲ್ಲ ಸ್ಪ್ಯಾಮೇ ಅಂತ ನಂಬಿದ್ರೆ ಹಳೇ ತಪ್ಪನ್ನೇ ಪಾಠ ಮಾಡಿದ ಹಾಗೆ. ಅದಕ್ಕೇ ಎರಡು ಸಂಜೆ ಕೂತು ಕೈಯಿಂದಲೇ ವಿಂಗಡಿಸಿದೆವು. ವಿದ್ಯಾರ್ಥಿವೇತನದ ಆ ಮೇಲನ್ನು ಮಾತ್ರ ಬೇಕಂತಲೇ ಪಕ್ಕಕ್ಕಿಟ್ಟೆವು. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಮಾಡಬಾರದಲ್ಲ!

ಪದ ಎಣಿಸೋದು

ವಿಂಗಡಿಸುವ ಕೆಲಸಕ್ಕೆ ಸೈಕಿಟ್-ಲರ್ನ್ ಲೈಬ್ರರಿ ತಗೊಂಡೆವು. ಅದರಲ್ಲಿ ಕೌಂಟ್‌ವೆಕ್ಟರೈಸರ್ ಮೇಲನ್ನು ಪದಗಳಾಗಿ ಒಡೆದು ಎಣಿಸುತ್ತೆ; ನೈವ್ ಬೇಯ್ಸ್ ಆ ಎಣಿಕೆಯಿಂದ ತೀರ್ಮಾನ ಹೇಳುತ್ತೆ. ಇದರ ಹಿಂದಿರೋದು ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯ ಲೆಕ್ಕ. ಅವನು ತೀರಿಹೋದ ಮೇಲೆ, 1763ರಲ್ಲಿ ಅದು ಪ್ರಕಟವಾಯ್ತು.

ಲೆಕ್ಕ ಸುಲಭ. ಸ್ಪ್ಯಾಮ್‌ನ ಪ್ರತಿ 1000 ಪದಗಳಲ್ಲಿ ‘ಫ್ರೀ’ 20 ಸಲ, ಒಳ್ಳೆ ಮೇಲ್‌ಗಳ 1000 ಪದಗಳಲ್ಲಿ 1 ಸಲ ಬರುತ್ತೆ ಅಂದ್ಕೊಳ್ಳಿ. ಆಗ ‘ಫ್ರೀ’ ಕಂಡ್ರೆ ತಕ್ಕಡಿ ಸ್ಪ್ಯಾಮ್ ಕಡೆಗೆ 20 ಪಟ್ಟು ವಾಲುತ್ತೆ. ‘ಲ್ಯಾಬ್’ ಇದಕ್ಕೆ ಉಲ್ಟಾ: ಸ್ಪ್ಯಾಮ್‌ನಲ್ಲಿ 1 ಸಲ, ಒಳ್ಳೇದರಲ್ಲಿ 30 ಸಲ. ಒಂದೇ ಮೇಲ್‌ನಲ್ಲಿ ಎರಡೂ ಇದ್ರೆ 20ನ್ನು 30ರಿಂದ ಭಾಗಿಸಿ. ಒಳ್ಳೇದರ ಕಡೆಗೇ ಸ್ವಲ್ಪ ವಾಲಿತು. ಹೀಗೆ ಎಲ್ಲಾ ಪದಗಳನ್ನೂ ಗುಣಿಸುತ್ತಾ ಹೋಗೋದು. ಒಂದು ಪದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅಂತ ಈ ಲೆಕ್ಕ ಮುಗ್ಧವಾಗಿ ನಂಬುತ್ತೆ. ‘ನೈವ್’ ಅನ್ನೋ ಹೆಸರು ಬಂದದ್ದೇ ಅದಕ್ಕೆ.

ಇಂಗ್ಲಿಷ್ ಮೇಲ್‌ಗಳಲ್ಲಿ ನಮ್ಮ ಜರಡಿ ಚೆನ್ನಾಗೇ ಕೆಲಸ ಮಾಡಿತು. ಖುಷಿಯಲ್ಲಿ ಪಕ್ಕಕ್ಕಿಟ್ಟಿದ್ದ ಆ ಮೇಲ್ ಕೊಟ್ಟೆವು. ಉತ್ತರ: ಸ್ಪ್ಯಾಮ್!

ಕನ್ನಡ ಎಲ್ಲಿ ಹೋಯ್ತು?

ಆ ಮೇಲನ್ನು ಲೈಬ್ರರಿ ಹೇಗೆ ಒಡೆದಿದೆ ಅಂತ ಪ್ರಿಂಟ್ ಮಾಡಿ ನೋಡಿದಾಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ‘ವಿದ್ಯಾರ್ಥಿವೇತನದ’ ಇದ್ದಲ್ಲಿ ಬರೀ ‘ತನದ’ ಉಳಿದಿತ್ತು. ‘ದಾಖಲೆ’ ಹೋಗಿ ‘ಖಲ’ ಆಗಿತ್ತು, ಅಂದ್ರೆ ದುಷ್ಟ! ‘ದಿನಾಂಕ’ ಪೂರ್ತಿ ಮಾಯ. ‘ಪರೀಕ್ಷೆ’ ಕೊಟ್ರೂ ‘ಪರ’, ‘ಪರಿಹಾರ’ ಕೊಟ್ರೂ ‘ಪರ’.

ಕಾರಣ ಹೀಗಿದೆ. ಯಾವುದು ಪದ ಅಂತ ಗುರುತಿಸೋಕೆ ಕೌಂಟ್‌ವೆಕ್ಟರೈಸರ್ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಇಟ್ಟುಕೊಂಡಿದೆ: ಪಕ್ಕಪಕ್ಕದಲ್ಲಿ ಎರಡೋ ಹೆಚ್ಚೋ ಅಕ್ಷರ ಇದ್ರೆ ಅದು ಪದ. ಆದ್ರೆ ಯೂನಿಕೋಡ್‌ನಲ್ಲಿ ನಮ್ಮ ‘ದಾ’ ಒಂದು ಅಕ್ಷರ ಅಲ್ಲ. ‘ದ’ ಒಂದು ಸಂಕೇತ, ದೀರ್ಘದ ಗುರುತು ಇನ್ನೊಂದು ಸಂಕೇತ. ಪೈಥಾನ್‌ನ ಆ ನಿಯಮ ‘ದ’ವನ್ನು ಅಕ್ಷರ ಅಂತ ಒಪ್ಪುತ್ತೆ, ದೀರ್ಘವನ್ನು ಒಪ್ಪಲ್ಲ. ಗುಣಿತದ ಗುರುತು, ಒತ್ತಕ್ಷರ ಜೋಡಿಸುವ ಸಂಕೇತ, ಅನುಸ್ವಾರ ಎಲ್ಲದಕ್ಕೂ ಇದೇ ಗತಿ. ಅವು ಬಂದಲ್ಲೆಲ್ಲ ಪದ ಮುರಿಯುತ್ತೆ, ಒಂಟಿಯಾಗಿ ಉಳಿದ ಅಕ್ಷರ ಕಸಕ್ಕೆ ಹೋಗುತ್ತೆ. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಕಾಗುಣಿತ ತಲೆನೋವು ಅಂದ್ಕೊಂಡಿದ್ದೆವು, ಲೈಬ್ರರಿಗೆ ನಮಗಿಂತ ಹೆಚ್ಚು!

ಎಲ್ಲೂ ಎರರ್ ಬರಲಿಲ್ಲ ಅನ್ನೋದೇ ಇಲ್ಲಿ ಅಪಾಯ. ‘ತನದ’, ‘ಖಲ’ ಇವನ್ನು ಕಲಿಯುವಾಗ ಕಂಡಿರದ ಕಾರಣ ಮಾಡೆಲ್ ಅವುಗಳನ್ನು ಸುಮ್ಮನೆ ಬಿಟ್ಟುಬಿಟ್ಟಿತು. ಉಳಿದದ್ದು ಕೊನೆಯಲ್ಲಿದ್ದ ಒಂದು ವೆಬ್ ಲಿಂಕ್. ಲಿಂಕ್ ಸ್ಪ್ಯಾಮ್‌ನಲ್ಲೇ ಜಾಸ್ತಿ. ಅದರ ಮೇಲೆ ನಾವು ಕೊಟ್ಟ ಉದಾಹರಣೆಗಳಲ್ಲೂ ಸ್ಪ್ಯಾಮೇ ಹೆಚ್ಚಿದ್ದರಿಂದ ತಕ್ಕಡಿ ಮೊದಲಿನಿಂದಲೇ ಆ ಕಡೆ ವಾಲಿತ್ತು. ಅಂದ್ರೆ ಕನ್ನಡದ ಒಂದು ಪದವನ್ನೂ ಓದದೆ ತೀರ್ಪು ಕೊಟ್ಟಾಗಿತ್ತು.

ಸರಿ ಮಾಡಿದ್ದು

ಮೊದಲು, ಪದ ಒಡೆಯುವ ನಿಯಮ ಬದಲಿಸಿದೆವು: ಖಾಲಿ ಜಾಗ ಮತ್ತು ವಿರಾಮಚಿಹ್ನೆ ಕಂಡಲ್ಲಿ ಮಾತ್ರ ಕತ್ತರಿಸು. ‘ಟೋಕನ್ ಪ್ಯಾಟರ್ನ್’ ಎಂಬ ಜಾಗದಲ್ಲಿ ಒಂದು ಸಾಲು, ಅಷ್ಟೇ. ಎರಡನೇದು, ‘ಫಿಟ್ ಪ್ರಯರ್’ ಅನ್ನೋದನ್ನು ಆಫ್ ಮಾಡಿದ್ರೆ ತಕ್ಕಡಿ ಸಮವಾಗಿ ನಿಂತು ಶುರುವಾಗುತ್ತೆ. ಮೂರನೇದು, ಕನ್ನಡ ಸಂಘದ ಮೇಲ್, ಊರಿಂದ ಬಂದ ಮೇಲ್ ಎಲ್ಲ ಹುಡುಕಿ ಉದಾಹರಣೆಗೆ ಸೇರಿಸಿದೆವು.

ಆದ್ರೂ ಕನ್ನಡದಲ್ಲಿ ವೇತನ, ವೇತನದ, ವೇತನಕ್ಕೆ ಮೂರೂ ಬೇರೆ ಬೇರೆ ಪದಗಳಾಗೇ ಎಣಿಕೆಯಾಗ್ತವೆ. ಅದಕ್ಕೆ ಲೈಬ್ರರಿಯಲ್ಲೇ ಇನ್ನೊಂದು ದಾರಿ ಇದೆ: ಪೂರ್ತಿ ಪದದ ಬದಲು ಮೂರರಿಂದ ಐದು ಸಂಕೇತಗಳ ತುಂಡುಗಳನ್ನು ಎಣಿಸೋದು. ಆಗ ‘ವೇತನ’ ಅನ್ನೋ ತುಂಡು ಮೂರರಲ್ಲೂ ಸಿಗುತ್ತೆ. ಇಷ್ಟೆಲ್ಲ ಆದ ಮೇಲೆ ಅದೇ ಮೇಲ್ ಒಳ್ಳೇದರ ಕಡೆಗೆ ವಾಲಿತು.

ಎರಡು ತಪ್ಪು ಒಂದೇ ಅಲ್ಲ

ಸ್ಪ್ಯಾಮ್ ಒಂದು ಇನ್‌ಬಾಕ್ಸ್‌ಗೆ ನುಗ್ಗಿದ್ರೆ ನಷ್ಟ ಎರಡು ಸೆಕೆಂಡ್. ಒಳ್ಳೆ ಮೇಲ್ ಒಂದು ಸ್ಪ್ಯಾಮ್‌ಗೆ ಹೋದ್ರೆ ನಷ್ಟ ಒಂದು ವರ್ಷದ ಫೀಸ್. ಪಾಲ್ ಗ್ರಹಾಂ 2002ರಲ್ಲಿ ‘ಎ ಪ್ಲ್ಯಾನ್ ಫಾರ್ ಸ್ಪ್ಯಾಮ್’ ಬರೆದಾಗಲೇ ಇದನ್ನು ಯೋಚಿಸಿದ್ದ. ಒಳ್ಳೆ ಮೇಲ್‌ಗಳಲ್ಲಿನ ಪದಗಳ ಎಣಿಕೆಯನ್ನು ಬೇಕಂತಲೇ ಎರಡು ಪಟ್ಟು ಮಾಡಿ ಲೆಕ್ಕ ಹಾಕ್ತಿದ್ದ. ನಾವು ‘ಪ್ರೆಡಿಕ್ಟ್’ ಹೇಳಿದ್ದನ್ನು ಹಾಗೇ ಒಪ್ಪದೆ ಸಂಭವನೀಯತೆ ಕೇಳ್ತೀವಿ. 0.99 ದಾಟಿದ್ರೆ ಮಾತ್ರ ಸ್ಪ್ಯಾಮ್. ಉಳಿದದ್ದೆಲ್ಲ ‘ಅನುಮಾನ’ ಪಟ್ಟಿಗೆ. ನೈವ್ ಬೇಯ್ಸ್‌ಗೆ ಆತ್ಮವಿಶ್ವಾಸ ಸ್ವಲ್ಪ ಜಾಸ್ತಿ, ಅದಕ್ಕೇ ಏನನ್ನೂ ಡಿಲೀಟ್ ಮಾಡೋ ಅಧಿಕಾರ ಕೊಟ್ಟಿಲ್ಲ.

ನೀವೂ ಮಾಡಿ ನೋಡೋದಾದ್ರೆ ಒಂದು ಮಾತು: ನಿಮ್ಮ ಮಾಮೂಲಿ ಪಾಸ್‌ವರ್ಡ್ ಬಳಸಬೇಡಿ, ಆ್ಯಪ್ ಪಾಸ್‌ವರ್ಡ್ ಮಾಡ್ಕೊಳ್ಳಿ, ಅದನ್ನು ಕೋಡ್ ಒಳಗೆ ಬರೆದು ಗಿಟ್‌ಹಬ್‌ಗೆ ಹಾಕಬೇಡಿ.

ನಮ್ಮ ರೂಮ್‌ಮೇಟ್ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾನೆ. ರಾತ್ರಿ ಸ್ಕ್ರಿಪ್ಟ್ ಓಡುತ್ತೆ. ಆದ್ರೂ ಬೆಳಿಗ್ಗೆ ಎದ್ದು ಸ್ಪ್ಯಾಮ್ ಫೋಲ್ಡರನ್ನು ಅವನೇ ಒಂದು ಸಲ ನೋಡ್ತಾನೆ. ಇದನ್ನು ಓದಿ ಮುಗಿಸಿದ ಮೇಲೆ ನೀವೂ ನಿಮ್ಮದನ್ನು ಒಮ್ಮೆ ತೆರೆದು ನೋಡಿ.