ಧೂಳಿನಂಥ ಬೀಜಕ್ಕೆ ಊಟ ಸಿಕ್ಕ ಬಗೆ

ಮನೆಯೊಳಗೆ ಬೆಳೆಸಲೆಂದು ನರ್ಸರಿಯಿಂದ ತರುವ ಸ್ಲಿಪ್ಪರ್ ಆರ್ಕಿಡ್ ಸಸಿ ಸಾಮಾನ್ಯವಾಗಿ ಮಣ್ಣು ಕಂಡು ಹುಟ್ಟಿದ್ದಲ್ಲ. ಬಾಯಿ ಬಿಗಿದ ಗಾಜಿನ ಬಾಟಲಿಯಲ್ಲಿ, ಸಕ್ಕರೆ ಬೆರೆಸಿದ ಅಗರ್ ಮೇಲೆ ಅದು ಮೊಳೆತಿರುತ್ತದೆ. ಇಷ್ಟು ಸುಲಭದ ಉಪಾಯ ಕೈಗೆ ಸಿಗಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ತೊಡಕು ಇದ್ದದ್ದು ಬೀಜದಲ್ಲೇ. ಆರ್ಕಿಡ್‌ನ ಒಂದೊಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳು. ಊದಿದರೆ ಹಾರಿಹೋಗುವಷ್ಟು ಹಗುರ. ತೆಂಗು ತನ್ನ ಮೊಳಕೆಗೆಂದು ಕಾಯಿಯೊಳಗೆ ಬುತ್ತಿ ಕಟ್ಟಿಡುತ್ತದಲ್ಲ, ಅಂಥದ್ದೇನೂ ಇದಕ್ಕಿಲ್ಲ.

ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿದ್ದ ವೀಚ್ ನರ್ಸರಿಯ ತೋಟಗಾರ ಜಾನ್ ಡಾಮಿನಿ 1850ರ ದಶಕದಲ್ಲಿ ಆರ್ಕಿಡ್‌ಗಳನ್ನು ಅಡ್ಡತಳಿ ಮಾಡತೊಡಗಿದ. ಆ ವಿಚಿತ್ರ ಹೂವಿನಲ್ಲಿ ಪರಾಗ ಎಲ್ಲಿ, ಅದನ್ನು ಅಂಟಿಸಬೇಕಾದದ್ದು ಎಲ್ಲಿಗೆ ಎಂದು ತೋರಿಸಿಕೊಟ್ಟವರು ಅದೇ ಊರಿನ ಶಸ್ತ್ರವೈದ್ಯ ಜಾನ್ ಹ್ಯಾರಿಸ್. 1856ರಲ್ಲಿ ಮೊದಲ ಮಿಶ್ರತಳಿ ಹೂಬಿಟ್ಟಿತು. 1869ರಲ್ಲಿ ಬಂದ ಮೊದಲ ಸ್ಲಿಪ್ಪರ್ ಮಿಶ್ರತಳಿಗೆ ವೈದ್ಯರ ಹೆಸರನ್ನೇ ಇಟ್ಟು ಹ್ಯಾರಿಸಿಯಾನಮ್ ಎಂದರು. ಆದರೆ ಬಿತ್ತಿದ ಬೀಜದಲ್ಲಿ ಬಹುಪಾಲು ಸುಮ್ಮನೆ ಸಾಯುತ್ತಿತ್ತು. ತಾಯಿಗಿಡದ ಕುಂಡದಲ್ಲೇ ಉದುರಿಸಿದರೆ ಒಂದಿಷ್ಟು ಮೊಳೆಯುತ್ತವೆ ಎಂಬುದನ್ನು ತೋಟಗಾರರು ಅನುಭವದಿಂದ ಕಲಿತರು. ಯಾಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಫ್ರಾನ್ಸಿನ ಕಾಡಿನಲ್ಲಿ, ಅದೂ ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದ ಯುವಕನೊಬ್ಬನಿಗೆ. 1899ರ ಮೇ ತಿಂಗಳಲ್ಲಿ ಇಪ್ಪತ್ತೈದರ ನೊಯೆಲ್ ಬರ್ನಾರ್ ಫಾಂಟೆನ್‌ಬ್ಲೋ ಕಾಡಿನಲ್ಲಿ ತಿರುಗಾಡುತ್ತಿದ್ದಾಗ, ನಿಯೋಟಿಯಾ ಎಂಬ ಹಸಿರಿಲ್ಲದ ಕಂದು ಆರ್ಕಿಡ್‌ನ ಹಳೆಯ ಕಾಂಡವೊಂದು ತರಗೆಲೆಗಳಡಿ ಹೂತುಹೋಗಿರುವುದು ಕಂಡಿತು. ಅದರ ಕಾಯಿಗಳೊಳಗೆ ಬೀಜಗಳು ಮೊಳೆತಿದ್ದವು. ಸಸ್ಯವಿಜ್ಞಾನಿಗಳು ಹುಡುಕಿ ಸೋತಿದ್ದ ಎಳೆಮೊಳಕೆಗಳು ರಾಶಿಯಾಗಿ! ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಮೊಳಕೆಗಳೊಳಗೆಲ್ಲ ಶಿಲೀಂಧ್ರದ ಎಳೆಗಳು. ಇದೊಂದು ಆಕಸ್ಮಿಕ ಎಂದು ಬಿಡಲಿಲ್ಲ ಬರ್ನಾರ್. ಮುಂದಿನ ವರ್ಷಗಳಲ್ಲಿ ಆರ್ಕಿಡ್ ಬೇರಿನಿಂದ ಶಿಲೀಂಧ್ರವನ್ನು ಬೇರ್ಪಡಿಸಿ, ಅದರೊಂದಿಗೆ ಬೀಜ ಮೊಳೆಯಿಸಿ ತೋರಿಸಿದ. ತಾಯಿಗಿಡದ ಕುಂಡದ ಗುಟ್ಟೂ ಬಯಲಾಯಿತು: ಅಲ್ಲಿ ಶಿಲೀಂಧ್ರ ಮೊದಲೇ ಮನೆಮಾಡಿರುತ್ತಿತ್ತು. ಕ್ಷಯರೋಗಕ್ಕೆ ತುತ್ತಾಗಿ 1911ರಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತೂ ತುಂಬಿರಲಿಲ್ಲ.

ಬರ್ನಾರ್ ಬಿಟ್ಟುಹೋದ ಬರಹಗಳಲ್ಲೇ ಇನ್ನೊಂದು ಸುಳಿವಿತ್ತು. ಆರ್ಕಿಡ್ ಗೆಡ್ಡೆಯ ಪುಡಿಯ ಗಟ್ಟಿ ದ್ರಾವಣದಲ್ಲಿ ಕೆಲವು ಬೀಜಗಳು ಶಿಲೀಂಧ್ರವಿಲ್ಲದೆಯೂ ಅಲುಗಿದ್ದವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಗಮನ ಹರಿದದ್ದು ಇಲ್ಲಿಗೆ. ಗಿಡಗಳು ಸಕ್ಕರೆಯನ್ನು ಹೇಗೆ ಬಳಸಿಕೊಳ್ಳುತ್ತವೆ ಎಂಬುದೇ ಅವರ ಹಳೆಯ ಅಧ್ಯಯನ. ಹಾಗಾಗಿ ಪ್ರಶ್ನೆಯೂ ಆ ಧಾಟಿಯಲ್ಲೇ ಬಂತು. ಶಿಲೀಂಧ್ರ ಬೀಜವನ್ನು ಎಬ್ಬಿಸುತ್ತದೆಯೋ, ಬರೀ ಊಟ ಬಡಿಸುತ್ತದೆಯೋ? ಸೋಂಕು ತೊಳೆದ ಬೀಜಗಳನ್ನು ಲವಣ, ಸಕ್ಕರೆ ಬೆರೆತ ಅಗರ್ ಮೇಲೆ ಹರಡಿದರು. ಮೊಳೆತವು. 1922ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಎಲ್ಲರೂ ಒಪ್ಪಲಿಲ್ಲ; ಇಂಥ ಗಿಡ ಹೂಬಿಟ್ಟೀತೇ ಎಂದು ಕೇಳಿದವರಿದ್ದರು. ಶಿಲೀಂಧ್ರದ ಸೋಂಕಿಲ್ಲದೆ ಬೆಳೆದ ಗಿಡದಲ್ಲಿ ಹೂ ತೋರಿಸಿ 1930ರಲ್ಲಿ ನಡ್ಸನ್ ಉತ್ತರ ಕೊಟ್ಟರು. ಇಷ್ಟರಿಂದ ಬರ್ನಾರ್ ಸುಳ್ಳಾಗಲಿಲ್ಲ. ಕಾಡಿನಲ್ಲಿ ಸಕ್ಕರೆ ಕೊಡುವವರು ಯಾರಿದ್ದಾರೆ, ಶಿಲೀಂಧ್ರವೇ ಗತಿ.

ನಮ್ಮ ಪಶ್ಚಿಮಘಟ್ಟಕ್ಕೂ ಈ ಬಾಟಲಿಯ ಋಣವಿದೆ. ದಕ್ಷಿಣ ಭಾರತದ ಏಕೈಕ ಸ್ಲಿಪ್ಪರ್ ಆರ್ಕಿಡ್ ಆದ ಪ್ಯಾಫಿಯೋಪೆಡಿಲಮ್ ಡ್ರೂರಿಯೈ ಅಗಸ್ತ್ಯಮಲೆಯಲ್ಲಿ ಮಾತ್ರ ಬೆಳೆಯುತ್ತದೆ. ಆಸೆಬುರುಕರು ಕಿತ್ತು ಕಿತ್ತು ಅದು ಅಳಿವಿನಂಚಿಗೆ ಬಂದಿತು. ಪ್ರಯೋಗಾಲಯದಲ್ಲಿ ಸಸಿ ಎಬ್ಬಿಸುವುದು ಅದನ್ನು ಉಳಿಸುವ ದಾರಿಗಳಲ್ಲಿ ಒಂದು.

ಬಾಟಲಿಯಿಂದ ಹೊರಬಂದ ಸಸಿಯ ಕಷ್ಟವೇ ಬೇರೆ. ತೇವ ತುಂಬಿದ ಗಾಳಿಯಲ್ಲಿ ಬೆಳೆದ ಎಲೆ ಹೊರಗೆ ಬೇಗ ಬಾಡುತ್ತದೆ. ಸ್ಲಿಪ್ಪರ್‌ಗೆ ಬೇರೆ ಅನೇಕ ಆರ್ಕಿಡ್‌ಗಳಂತೆ ನೀರು ಕೂಡಿಡುವ ಉಬ್ಬಿದ ಕಾಂಡವೂ ಇಲ್ಲ. ಪೂರ್ತಿ ಒಣಗಲು ಬಿಡಬಾರದು, ನಡುಸುಳಿಯಲ್ಲಿ ನೀರು ನಿಲ್ಲಲೂಬಾರದು. ಅದಕ್ಕೇ ಹಲವು ಸಸಿಗಳನ್ನು ಒಂದೇ ಕುಂಡದಲ್ಲಿ ಒತ್ತಾಗಿ ನೆಟ್ಟು, ನೇರ ಬಿಸಿಲು ತಾಗದ ಬೆಳಕಿನಲ್ಲಿ ಇಡುತ್ತಾರೆ. ಹೂವಿಗೆ ಹಲವು ವರ್ಷ ಕಾಯಬೇಕು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ತುದಿಯಿಂದ ಸಿಂಬಿಡಿಯಮ್ ಆರ್ಕಿಡ್‌ನ ಪಡಿಯಚ್ಚು ಸಸಿಗಳನ್ನು ಎಬ್ಬಿಸಿದ ಮೇಲೆ ಎಷ್ಟೋ ಜಾತಿಗಳು ಆ ದಾರಿ ಹಿಡಿದವು. ಸ್ಲಿಪ್ಪರ್ ಅದಕ್ಕೆ ಸುಲಭವಾಗಿ ಬಗ್ಗಲಿಲ್ಲ. ಇಂದಿಗೂ ಅದು ಹೆಚ್ಚಾಗಿ ಬೀಜದಿಂದಲೇ ಬರುತ್ತದೆ; ಮಿಶ್ರತಳಿಯಾದರಂತೂ ಒಂದೇ ಕಾಯಿಯ ಎರಡು ಸಸಿಗಳ ಹೂವೂ ಒಂದೇ ತೆರ ಇರುವುದಿಲ್ಲ.