ನಿಮಗಿದು ಗೊತ್ತೆ? ರೋಗ ತಡೆಯುವ ಪಡೆಯನ್ನೇ ದಾರಿ ತಪ್ಪಿಸುವ ಸೀಸ

ನಾಗಮಂಗಲ ಹಿತ್ತಾಳೆ, ಕಂಚಿನ ಎರಕಕ್ಕೆ ಹೆಸರಾದ ಊರು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವ ರೂಢಿ ಹಳೆಯದು. ಕಲಾಯಿ ಶುದ್ಧ ತವರದ್ದಾಗಿದ್ದರೆ ಚಿಂತೆಯಿಲ್ಲ. ಅಗ್ಗದ ಸೀಸ ಬೆರೆತರೆ ಹುಳಿ ಸಾರಿನ ಜೊತೆ ಅದೂ ಹೊಟ್ಟೆ ಸೇರುತ್ತದೆ.

ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಬಹಳ ಮಂದಿಗೆ ಗೊತ್ತು. ರೋಗನಿರೋಧಕ ವ್ಯವಸ್ಥೆಯನ್ನೂ ಅದು ಬಿಡುವುದಿಲ್ಲ ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ, ಆಗಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸೀಸವು ಸೋಂಕಿನೊಡನೆ ಸೆಣಸುವ ಟಿ-ಕಣಗಳ ಸಮತೋಲ ಕೆಡಿಸಿ, ದೇಹವನ್ನು ಅಲರ್ಜಿಯತ್ತ ವಾಲಿಸಿದೆ. ಸೀಸ ಹೆಚ್ಚಿದ್ದ ಮಕ್ಕಳ ರಕ್ತದಲ್ಲಿ ಅಲರ್ಜಿಗೆ ಸಂಬಂಧಿಸಿದ ಐಜಿಇ ಪ್ರತಿಕಾಯ ಏರಿದ್ದನ್ನೂ ಹಲವು ಅಧ್ಯಯನಗಳು ಗುರುತಿಸಿವೆ.

ಬಣ್ಣವೂ ಸೀಸದ ಮೂಲವೇ. ಶ್ರೀರಂಗಪಟ್ಟಣದ ಕಾವೇರಿಯಾಗಲಿ, ಪಾಂಡವಪುರ, ಕೆ.ಆರ್. ಪೇಟೆಯ ಕೆರೆಗಳಾಗಲಿ, ಸೀಸದ ಬಣ್ಣ ಬಳಿದ ಗಣೇಶ ಮುಳುಗಿದರೆ ವಿಷ ಕೆಸರಿನಲ್ಲಿ ಉಳಿಯುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲೇ ಬಂತು.

ಈ ವಿಷದ ವಿರುದ್ಧ ದೇಶವನ್ನು ಎಚ್ಚರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. ಸುರಕ್ಷಿತ ಮಟ್ಟ ಎಂಬುದೇ ಸೀಸಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಲ್ಸಿಯಂ, ಕಬ್ಬಿಣದ ಕೊರತೆಯಿರುವ ಮಕ್ಕಳ ದೇಹವಂತೂ ಅದನ್ನು ಇನ್ನಷ್ಟು ಹೀರಿಕೊಳ್ಳುತ್ತದೆ.